ಖಾಲಿ ಕೂತಾಗ ಎಲ್ಲರೂ ಗಟ್ಟಿಗರೇ

ನನ್ನ ಕಂಪ್ಯೂಟರಿನಲ್ಲಿ ಸುಮ್ಮನೆ ಟೈಪ್ ಮಾಡುತ್ತಿದ್ದರೆ ಇಡೀ ದಿನ ತೊಂದರೆಯಿಲ್ಲ. ವಿಡಿಯೋ ರೆಂಡರ್ ಎಂಬ ಭಾರದ ಕೆಲಸಕ್ಕೆ ಹಾಕಿ, ಶೇಕಡಾ 90 ದಾಟಿತು ಅನ್ನುವಷ್ಟರಲ್ಲಿ ಟಪ್! ಸ್ಕ್ರೀನ್ ಕಪ್ಪು. ಆಮೇಲೆ ತಾನೇ ಆನ್ ಆಗಿ, ಏನೂ ನಡೆದೇ ಇಲ್ಲ ಅನ್ನುವ ಹಾಗೆ ಪಾಸ್‌ವರ್ಡ್ ಕೇಳುತ್ತದೆ. ಕೆಲಸ ನುಂಗಿದ್ದು ಅದು, ಗುರುತು ಹೇಳಬೇಕಾದವನು ನಾನು!

ಇಂಥ ಹೊತ್ತಲ್ಲಿ ಮೊದಲ ಬೈಗುಳ ವೈರಸ್ಸಿಗೆ, ಎರಡನೆಯದು ರ‍್ಯಾಮಿಗೆ. ಎಸ್‌ಎಂಪಿಎಸ್ ಎಂಬ, ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬದ ಸರದಿ ಬರುವುದು ಎಲ್ಲರಾದ ಮೇಲೆ. ನನಗೆ ಅದರ ಮೇಲೆ ಅನುಮಾನ ಬಂದ ಸುದ್ದಿ ಗೆಳೆಯನ ಕಿವಿಗೂ ಬಿತ್ತು. ಅಲ್ಲಿಗೆ ನನ್ನ ಭಾನುವಾರ ಮುಗಿಯಿತು.

ಅವನಿಗೆ ಗೊತ್ತಿರುವ ಪರೀಕ್ಷೆ ಒಂದೇ: ತೂಕ. ಬರುವಾಗಲೇ ಚೀಲದಲ್ಲಿ ತನ್ನದೊಂದು ಹಳೇ ಎಸ್‌ಎಂಪಿಎಸ್ ತಂದಿದ್ದ. ಅದು ಎಡಗೈಗೆ, ನನ್ನದು ಬಲಗೈಗೆ. ಕಣ್ಣು ಮುಚ್ಚಿದ. ತುಟಿ ಅಲ್ಲಾಡಿತು. ಮೊಣಕೈ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ. ಆಮೇಲೆ ಕೈ ಅದಲುಬದಲು, "ಬಲಗೈ ಸ್ವಲ್ಪ ಪಕ್ಷಪಾತ ಮಾಡುತ್ತೆ." ಕೊನೆಗೆ ತೀರ್ಪು: "ಇದ್ರಲ್ಲಿ ಜೀವ ಇಲ್ಲ ಮಾರಾಯ." ನನ್ನ ಮುಖ ನೋಡಿ ನಂಬಿಕೆ ಬರಲಿಲ್ಲವೇನೋ, ಒಳಗೆ ಕೂಗಿದ: "ಅತ್ತಿಗೆ, ನೀವೊಂದ್ಸಲ ಹಿಡೀರಿ." ಅವಳು ಹಿಡಿದಳು. "ಇದರ ಧೂಳೇ ಅರ್ಧ ಕೆಜಿ ಇದೆ" ಅಂದು ಕೈ ತೊಳೆಯಲು ಹೋದಳು.

ದಪ್ಪ ಹೀಟ್‌ಸಿಂಕು, ದೊಡ್ಡ ಕೆಪಾಸಿಟರ್ ಇದ್ದರೆ ತೂಕ ಬರುತ್ತದೆ, ಒಪ್ಪೋಣ. ಒಳಗೊಂದು ಇಟ್ಟಿಗೆ ಚೂರಿಟ್ಟರೂ ಬರುತ್ತದಲ್ಲ! ಹಾಗಂದರೆ, "ಯಾರಿಡ್ತಾರೆ?" ಅಂತ ನನ್ನನ್ನೇ ಅನುಮಾನದಿಂದ ನೋಡಿದ.

ಮುಂದಿನದು ಜೆಮ್ ಕ್ಲಿಪ್ ಪರೀಕ್ಷೆ. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಗೂ ಕಪ್ಪು ತಂತಿಗೂ ಕ್ಲಿಪ್ ಸೇರಿಸಿದರೆ ಮದರ್‌ಬೋರ್ಡಿನ ಹಂಗಿಲ್ಲದೆ ಫ್ಯಾನ್ ತಿರುಗುತ್ತದೆ. ತಿರುಗಿತು. ಮಲ್ಟಿಮೀಟರ್ ಇಟ್ಟರೆ ಹಳದಿ ತಂತಿಯಲ್ಲಿ 12.08 ವೋಲ್ಟ್. 11.4ರಿಂದ 12.6ರವರೆಗೆ ಮಾಫಿ ಇರುವಾಗ ಇದು ಡಿಸ್ಟಿಂಕ್ಷನ್ನೇ. ಆದರೆ ಹೆಗಲ ಮೇಲೆ ಭಾರವೇ ಇಲ್ಲದಿದ್ದಾಗ ಯಾರು ತಾನೇ ನೆಟ್ಟಗೆ ನಿಲ್ಲುವುದಿಲ್ಲ? ನಿಜವಾದ ಪರೀಕ್ಷೆಗೆ ಎಲೆಕ್ಟ್ರಾನಿಕ್ ಲೋಡ್ ಕಟ್ಟಿ ಕರೆಂಟ್ ಎಳೆಯಬೇಕು, ಆಸಿಲೋಸ್ಕೋಪಿನಲ್ಲಿ ರಿಪಲ್, ಅಂದರೆ ವೋಲ್ಟೇಜಿನ ಸಣ್ಣ ಚುರುಕು ಏರಿಳಿತ, ನೋಡಬೇಕು. 12 ವೋಲ್ಟಿನ ಮೇಲೆ ಅದು 120 ಮಿಲಿವೋಲ್ಟ್ ಮೀರಬಾರದು, ಮೀರಿದರೂ ಮಲ್ಟಿಮೀಟರಿನ ಡಿಸಿ ಅಂಕಿಗೆ ಅದು ಕಾಣುವುದಿಲ್ಲ. ಮನೆಯಲ್ಲಿ ಇದನ್ನೆಲ್ಲ ಯಾರು ಇಟ್ಟುಕೊಂಡಿರುತ್ತಾರೆ? ನನ್ನ ಹತ್ತಿರ ಇರುವ ಲೋಡ್ ಟೆಸ್ಟರ್ ಒಂದೇ, ಆ ಮುಗಿಯದ ವಿಡಿಯೋ.

"ಗೋಲ್ಡ್ ಅಂತ ಬರ್ದಿದೆಯಲ್ಲೋ," ಅಂದ ಗೆಳೆಯ, ಹಾಲ್‌ಮಾರ್ಕ್ ನೋಡಿದವನ ಗತ್ತಿನಲ್ಲಿ. ಆ ಗೋಲ್ಡ್ ಅನ್ನುವುದು 80 ಪ್ಲಸ್ ಎಂಬ ಪ್ರಮಾಣಪತ್ರದ ಒಂದು ದರ್ಜೆ. 80 ಪ್ಲಸ್ ಹೇಳುವುದು ದಕ್ಷತೆಯನ್ನು: 500 ವ್ಯಾಟ್ ಕೊಡಲು ಗೋಡೆಯಿಂದ 625 ಎಳೆದರೆ ಅದು 80 ಪರ್ಸೆಂಟ್, ಉಳಿದದ್ದೆಲ್ಲ ಬಿಸಿ. ಆಯಸ್ಸಿನ ಮಾತೇ ಅದರಲ್ಲಿಲ್ಲ. ಅದೂ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ತಂಪಿನಲ್ಲಿ. ನನ್ನ ಮೇಜಿನ ಕೆಳಗೆ ಗೋಡೆಗೆ ಮೂಗು ಒತ್ತಿಕೊಂಡು ಕೂತಿರುವ ಈ ಡಬ್ಬಕ್ಕೆ ಆ ಭಾಗ್ಯ ಎಲ್ಲಿಂದ ಬರಬೇಕು!

ರೇಗಿ ಕೇಳಿದೆ, "ಅಲ್ಲಯ್ಯ, ಯಾವಾಗ್ಲೂ ಅದೇ ಹಳೇದನ್ನ ಯಾಕೆ ಹಿಡ್ಕೊಂಡು ತೂಗ್ತೀಯ?" ಅವನು ಅದನ್ನು ಚೀಲಕ್ಕೆ ಸೇರಿಸುತ್ತಾ, "ಅಪ್ಪನ ಕಂಪ್ಯೂಟರಿಂದು," ಅಂದ. "ರಾತ್ರಿ ಇದರ ಫ್ಯಾನ್ ಸದ್ದು ಕೇಳ್ತಾ ಇದ್ರೆ ಅವರಿನ್ನೂ ಎದ್ದಿದ್ದಾರೆ ಅಂತ ಗೊತ್ತಾಗ್ತಿತ್ತು." ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು.

ಆದರೆ ಕರುಣೆ ತೋರಿಸುವುದಕ್ಕೂ ಒಂದು ಮಿತಿಯಿದೆ. ಹೊಸ ಎಸ್‌ಎಂಪಿಎಸ್ ಬಂದ ದಿನ ತಾನೇ ಮುಂದೆ ಬಿದ್ದ: "ಹಳೇ ಕೇಬಲ್ ಹಾಗೇ ಇರ್ಲಿ, ಈ ಡಬ್ಬಕ್ಕೆ ಸಿಕ್ಕಿಸಿಬಿಡೋಣ. ಪಿನ್ ಕೂರುತ್ತಲ್ಲ!" ಕೂರುತ್ತದೆ, ಅದೇ ಅಪಾಯ. ಡಬ್ಬದಿಂದ ಬಿಚ್ಚಿ ತೆಗೆಯಬಹುದಾದ ಇಂಥ ಮಾಡ್ಯುಲರ್ ಕೇಬಲಿನ ಡಬ್ಬದ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಅನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಹಾರ್ಡ್‌ಡಿಸ್ಕ್ ಸುಟ್ಟುಹೋದೀತು. ಅವನ ಕೈಯಿಂದ ಕಿತ್ತುಕೊಂಡು ಎಲ್ಲ ಕೇಬಲ್ಲುಗಳನ್ನೂ ಸುತ್ತಿ ಕಸಕ್ಕೆ ಇಟ್ಟೆ.

ಅವನು ಆ ಸುರುಳಿಯನ್ನು ಎತ್ತಿಕೊಂಡ. ಕಣ್ಣು ಮುಚ್ಚಿದ.

"ಎಸೀಬೇಡ್ವೋ, ಒಳ್ಳೇ ತೂಕ ಇದೆ."