ಅಮ್ಮ ಮದುವೆಮನೆಯಲ್ಲಿ ಯಾಕೆ ಮಲಗುತ್ತಿರಲಿಲ್ಲ

ನಮ್ಮಮ್ಮ ಯಾರ ಮದುವೆಗೆ ಹೋದರೂ ರಾತ್ರಿ ಮಲಗುತ್ತಿರಲಿಲ್ಲ. ಛತ್ರದ ಮಹಡಿಯಲ್ಲಿ ಜಮಖಾನ ಹಾಸಿ ಹೆಂಗಸರು, ಮಕ್ಕಳು ಸಾಲಾಗಿ ಮಲಗಿಬಿಟ್ಟರೆ ಅಮ್ಮ ಒಂದು ಮೂಲೆಯಲ್ಲಿ ಗೋಡೆಗೊರಗಿ ಕೂತು ಮರುದಿನದ ಹೂವು ಕಟ್ಟುತ್ತಿದ್ದಳು. "ನಂಗೆ ಹೊಸ ಜಾಗದಲ್ಲಿ ನಿದ್ದೆ ಬರಲ್ಲ ಮಾರಾಯ್ತಿ, ನೀನು ಮಲ್ಕೋ" ಅನ್ನೋಳು. ನಾವು ನಂಬಿದ್ವಿ. ನೆಂಟರಿಷ್ಟರೆಲ್ಲ ಎಷ್ಟು ಕೆಲಸಗಾತಿ ಅಂತ ಹೊಗಳಿದರು.

ನಿಜ ಗೊತ್ತಾಗಿದ್ದು ಹೋದ ವರ್ಷ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೆ. "ಗೊರಕೆ ಇದೆಯಾ ಅಮ್ಮ?" ಅಂತ ಅವರು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು, ನೆಲ ನೋಡಿದಳು, ಆಮೇಲೆ ಸಣ್ಣ ದನಿಯಲ್ಲಿ, "ಇದೆ. ಅದಕ್ಕೇ ನಾನು ನಾಲ್ಕು ಜನರ ಮಧ್ಯೆ ಮಲಗಲ್ಲ" ಅಂದಳು. ಐವತ್ತೊಂಬತ್ತು ವರ್ಷದ ಹೆಂಗಸು ಇಪ್ಪತ್ತು ವರ್ಷದಿಂದ ಬಚ್ಚಿಟ್ಟುಕೊಂಡು ಬಂದ ಮಾತು ಅದು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಅಪ್ಪ ಇದ್ದಾಗ "ನಿಮ್ಮಮ್ಮ ರಾತ್ರಿಯೆಲ್ಲ ಲಾರಿ ಓಡಿಸ್ತಾಳೆ" ಅಂತ ಎಲ್ಲರೆದುರು ನಗಾಡ್ತಿದ್ದರು. ಪ್ರೀತಿಯಿಂದಲೇ ಹೇಳಿದ್ದು, ನಾವೂ ನಗುತ್ತಿದ್ವಿ. ಆ ನಗು ಅಮ್ಮನಿಗೆ ಎಷ್ಟು ನಾಚಿಕೆ ಕಲಿಸಿತ್ತು ಅಂತ ಈಗ ಅರ್ಥವಾಗ್ತಿದೆ. ಅಪ್ಪ ಹೋಗಿ ಎಂಟು ವರ್ಷ ಆಯ್ತು. ಅಲ್ಲಿಂದ ತೀರ್ಥಹಳ್ಳಿಯ ಮನೆಯಲ್ಲಿ ಅವಳೊಬ್ಬಳೇ ಮಲಗೋದು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋ ಕಾಯಿಲೆ ಇದು. ಇರೋರಿಗೆ ತಮಗೆ ಹೀಗಾಗ್ತಿದೆ ಅಂತ ಎಷ್ಟೋ ಸಲ ಗೊತ್ತೇ ಆಗಲ್ಲ, ಪಕ್ಕದಲ್ಲಿ ಮಲಗಿದವರಿಗೇ ಗೊತ್ತಾಗೋದು. ಅಮ್ಮನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೂರು ವರ್ಷದಿಂದ ಬಿಪಿ ಹತೋಟಿಗೆ ಬರುತ್ತಿರಲಿಲ್ಲ. ದಿನಕ್ಕೆ ಮೂರು ಥರದ ಮಾತ್ರೆ ನುಂಗಿದರೂ 160ರ ಕೆಳಗೆ ಇಳಿಯದು. ಬೆಳಗ್ಗೆ ಏಳುವಾಗಲೇ ತಲೆನೋವು, ಕಾಫಿ ಕುಡಿದು ಒಂದು ಗಂಟೆ ಆದಮೇಲೆ ಬಿಡೋದು. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳೋದು. ಶುಗರ್ ಇರಬೇಕು ಅಂತ ಮೂರು ಸಲ ರಕ್ತ ಪರೀಕ್ಷೆ ಮಾಡಿಸಿದ್ವಿ, ಮೂರೂ ಸಲ ನಾರ್ಮಲ್. ಪೇಪರ್ ಓದ್ತಾ ಓದ್ತಾ ಕೂತಲ್ಲೇ ತೂಕಡಿಸೋಳು. ಒಂದು ಮಧ್ಯಾಹ್ನ ಒಲೆ ಮೇಲೆ ಹಾಲಿಟ್ಟು ಪಕ್ಕದ ಕುರ್ಚಿಯಲ್ಲೇ ನಿದ್ದೆ ಹೋಗಿ, ಪಾತ್ರೆ ಸುಟ್ಟು ಕರಕಲಾಗಿ, ಪಕ್ಕದ ಮನೆಯವರು ವಾಸನೆ ಬಂದು ಓಡಿ ಬಂದರು. ಆಗ ತೋರಿಸಿದ ಡಾಕ್ಟರೊಬ್ಬರು "ವಯಸ್ಸಾಯ್ತಲ್ಲ, ಯಜಮಾನರು ಹೋದ ಚಿಂತೆ ಬೇರೆ" ಅಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಐದು ತಿಂಗಳು ತಗೊಂಡಳು. ಈ ತೊಂದರೆ ಇರೋರಿಗೆ ಕೆಲವು ನಿದ್ದೆ ಮಾತ್ರೆಗಳು ಗಂಟಲ ಸ್ನಾಯುಗಳನ್ನ ಇನ್ನಷ್ಟು ಸಡಿಲ ಮಾಡುತ್ತವೆ, ಮೆದುಳು ಎಚ್ಚೆತ್ತುಕೊಳ್ಳೋದನ್ನೂ ತಡ ಮಾಡುತ್ತವೆ ಅಂತ ಆಮೇಲೆ ತಿಳೀತು. ಗೊರಕೆ ಇದೆಯಾ ಅನ್ನೋ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಾನು ಕೇಳಿಸಿಕೊಂಡಿದ್ದು ಜೂನ್ ತಿಂಗಳ ಒಂದು ರಾತ್ರಿ. ಊರಿಗೆ ಹೋಗಿದ್ದೆ. ಜೋರು ಮಳೆ, ಸಂಜೆಯಿಂದ ಕರೆಂಟಿಲ್ಲ, ಹೆದರಿಕೆಯಾಗಿ ಅಮ್ಮನ ಪಕ್ಕದಲ್ಲೇ ಮಲಗಿದೆ. ಮಳೆ ನಿಂತಮೇಲೆ ಎಚ್ಚರವಾಯ್ತು. ಗೊರಕೆ ಏರುತ್ತಾ ಏರುತ್ತಾ ಹೋಗಿ ಟಕ್ಕಂತ ನಿಂತಿತು. ಹಂಚಿನ ಸೂರಿಂದ ನೀರು ತೊಟ್ಟಿಕ್ಕೋದು ಕೇಳ್ತಿತ್ತು, ಅಮ್ಮನ ಉಸಿರು ಕೇಳ್ತಿರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎದೆ ಏರಿಳೀತಿದೆ, ಹೊಟ್ಟೆ ಎಳೀತಿದೆ, ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿ ಇಲ್ಲ. ಎಣಿಸತೊಡಗಿದೆ. ಮೂವತ್ತೆಂಟಕ್ಕೆ ಬಂದಾಗ, ಬಾವಿಯಲ್ಲಿ ಮುಳುಗಿದವರು ತಲೆ ಮೇಲೆತ್ತಿದ ಹಾಗೆ ಒಂದು ದೊಡ್ಡ ಉಸಿರು ಎಳೆದುಕೊಂಡು ಮಗ್ಗುಲಾದಳು. ಎರಡು ನಿಮಿಷ ಬಿಟ್ಟು ಮತ್ತೆ ಅದೇ. ಮೊಬೈಲಲ್ಲಿ ಆರು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಬೆಳಗಾಗೋವರೆಗೆ ಕಣ್ಣು ಮುಚ್ಚಲಿಲ್ಲ.

ಇದಕ್ಕೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಅಂತಾರೆ. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಾಗಿ, ನಾಲಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಹೋಗುತ್ತೆ. ಎದೆ ಎಳೀತಾನೇ ಇರುತ್ತೆ, ಗಾಳಿ ಒಳಗೆ ಹೋಗಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತೆ, ದಾರಿ ತೆರೆಯುತ್ತೆ. ಹಾಗೆ ಎಬ್ಬಿಸಿದಾಗೆಲ್ಲ ಬಿಪಿ ಏರುತ್ತೆ. ಬಚ್ಚಲಿಗೆ ಏಳೋದಕ್ಕೂ ಕಾರಣ ಇದರಲ್ಲೇ ಇತ್ತು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಗ ಹೃದಯದ ಗೋಡೆ ಹಿಗ್ಗಿ, ಅಲ್ಲಿಂದ ಒಂದು ಹಾರ್ಮೋನ್ ಹೊರಟು, ಮೂತ್ರ ಹೆಚ್ಚು ಮಾಡು ಅಂತ ಕಿಡ್ನಿಗೆ ಹೇಳುತ್ತಂತೆ. ನಾವು ಮೂರು ಸಲ ಶುಗರ್ ನೋಡಿಸಿದ್ದೆಲ್ಲ ಬೇರೆ ಬಾಗಿಲು ತಟ್ಟಿದ ಹಾಗಾಯ್ತು.

ಗೊರಕೆ ಅಂದ ಕೂಡಲೆ ನಮ್ಮ ಕಣ್ಣಮುಂದೆ ಬರೋದು ಹೊಟ್ಟೆ ಬಂದ ಗಂಡಸು. ಕುಂಭಕರ್ಣನ ಕಾಲದಿಂದಲೂ ಗೊರಕೆ ಗಂಡಸರದ್ದೇ. ವೈದ್ಯಶಾಸ್ತ್ರವೂ ಬಹಳ ಕಾಲ ಹಾಗೇ ನೋಡಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವರ್ಷದ ನೌಕರರನ್ನ ರಾತ್ರಿ ಮಲಗಿಸಿ ನೋಡಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯ್ತು. ಗಂಟೆಗೆ ಐದು ಅಥವಾ ಹೆಚ್ಚು ಸಲ ಉಸಿರಿನ ಅಡಚಣೆ ಇದ್ದವರು ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ 9. ಅಂದರೆ ಮೂವರು ಗಂಡಸರಿಗೆ ಒಬ್ಬ ಹೆಂಗಸಾದರೂ ಇದ್ದೇ ಇದ್ದಾಳೆ. ಆಗಿನ ಸ್ಲೀಪ್ ಕ್ಲಿನಿಕ್ಕುಗಳಿಗೆ ಬರುತ್ತಿದ್ದವರಲ್ಲಿ ಮಾತ್ರ ಎಂಟು ಹತ್ತು ಗಂಡಸರಿಗೆ ಒಬ್ಬ ಹೆಂಗಸು. ಉಳಿದವರೆಲ್ಲ ಎಲ್ಲಿದ್ದರು? ನಮ್ಮಮ್ಮನ ಹಾಗೆ ಗೋಡೆಗೊರಗಿ ಕೂತಿದ್ದರು ಅಂತಲೇ ನನಗನ್ನಿಸೋದು.

ಮುಟ್ಟು ನಿಲ್ಲೋವರೆಗೆ ಪ್ರೊಜೆಸ್ಟರಾನ್ ಹಾರ್ಮೋನ್ ಹೆಂಗಸರ ಉಸಿರಾಟಕ್ಕೆ ಒಂದಿಷ್ಟು ಬಲ ಕೊಡುತ್ತೆ. ನಿಂತಮೇಲೆ ಆ ಬಲ ತಪ್ಪುತ್ತೆ, ಅಪಾಯ ಏರುತ್ತೆ. ಆ ವಯಸ್ಸಿನ ಹೆಂಗಸು ಹೋಗಿ ಡಾಕ್ಟರ ಹತ್ತಿರ ಹೇಳೋದು ಏನು? ಸುಸ್ತು, ತಲೆನೋವು, ನಿದ್ದೆ ಸರಿ ಇಲ್ಲ, ಯಾಕೋ ಬೇಜಾರು. ಥೈರಾಯ್ಡ್ ನೋಡ್ತಾರೆ, ರಕ್ತ ಕಮ್ಮಿ ಇದೆಯಾ ಅಂತ ನೋಡ್ತಾರೆ, ಅವೆರಡೂ ನೋಡಲೇಬೇಕಾದ್ದು. ಉಸಿರು ಮಾತ್ರ ಯಾರೂ ನೋಡಲ್ಲ. ಮೊದಲು ಕೇಳೋ ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ, ಸ್ಟಾಪ್-ಬ್ಯಾಂಗ್ ಅಂತ. ಗೊರಕೆ, ಹಗಲಿನ ಸುಸ್ತು, ಉಸಿರು ನಿಂತಿದ್ದನ್ನ ಯಾರಾದರೂ ನೋಡಿದ್ದಾರಾ, ಬಿಪಿ, ತೂಕ, ವಯಸ್ಸು, ಕುತ್ತಿಗೆಯ ಸುತ್ತಳತೆ. ಎಂಟನೆಯದು, ಗಂಡಸಾ ಅಂತ. ಗಂಡಸಾದರೆ ಒಂದು ಅಂಕ ಅಲ್ಲೇ ಸಿಕ್ಕಿತು. ಒಂಟಿಯಾಗಿ ಮಲಗೋ ಹೆಂಗಸಿಗೆ ಮೂರನೆಯ ಅಂಕವೂ ಹೋಯ್ತು.

ಆಸ್ಪತ್ರೆಯಲ್ಲಿ ರಾತ್ರಿ ಮಲಗಿಸಿ ಮಾಡೋ ನಿದ್ದೆ ಪರೀಕ್ಷೆಯ ದಿನ ಅಮ್ಮನಿಗಾದ ದೊಡ್ಡ ಕಷ್ಟ ತಲೆಗೆ ಎಣ್ಣೆ ಹಾಕದೇ ಇರೋದು. ಕೂದಲು ತೊಳೆದು, ಎಣ್ಣೆ ಮುಟ್ಟಿಸದೆ ಬನ್ನಿ ಅಂದಿದ್ದರು, ಇಲ್ಲದಿದ್ದರೆ ತಲೆಗೆ ಅಂಟಿಸೋ ವೈರು ನಿಲ್ಲಲ್ಲ. ರಾತ್ರಿ ಒಂಬತ್ತಕ್ಕೆ ಟೆಕ್ನೀಷಿಯನ್ ಹುಡುಗಿ ಬಂದು ಜಡೆ ಬಿಚ್ಚಿಸಿ, ಬೈತಲೆ ತೆಗೆದ ಹಾಗೆ ಅಲ್ಲಲ್ಲಿ ಕೂದಲು ಸರಿಸಿ, ಗೋಂದಿನಂಥದ್ದು ಹಚ್ಚಿ ವೈರು ಕೂರಿಸಿದಳು. ಕಣ್ಣ ಪಕ್ಕ, ಗಲ್ಲದ ಮೇಲೆ, ಕಾಲಿಗೆ, ಎದೆಗೆ. ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಮೂಗಿಗೆ ಸಣ್ಣ ನಳಿಗೆ. ಬೆರಳಿಗೆ ಕ್ಲಿಪ್ ಹಾಕುವಾಗ ಉಗುರಲ್ಲಿ ಗೋರಂಟಿ ಕಂಡು ಬಣ್ಣವಿಲ್ಲದ ಬೆರಳು ಹುಡುಕಿದಳು. "ಇಷ್ಟೆಲ್ಲ ಕಟ್ಟಿಕೊಂಡು ಎಂಥ ನಿದ್ದೆ ಬರುತ್ತೇ?" ಅಂತ ಅಮ್ಮ. ಹತ್ತು ನಿಮಿಷಕ್ಕೆ ನಿದ್ದೆ ಬಂದಿತ್ತು. ಅಷ್ಟು ದಣಿದಿತ್ತು ಆ ಜೀವ.

ನಾನು ಆಚೆ ಕೋಣೆಯಲ್ಲಿ ಪರದೆ ನೋಡ್ತಾ ಕೂತೆ. ಮೂಗಿನ ಗೆರೆ ಸಪಾಟಾಗುತ್ತೆ, ಎದೆ ಹೊಟ್ಟೆಯ ಗೆರೆಗಳು ಒಂದಕ್ಕೊಂದು ವಿರುದ್ಧ ಎಳೆದಾಡುತ್ತವೆ, ಆಮ್ಲಜನಕದ ಅಂಕಿ 94, 90, 85 ಅಂತ ಇಳೀತಾ ಹೋಗುತ್ತೆ. ಎದ್ದು ಹೋಗಿ ಅಲುಗಾಡಿಸಿ ಎಬ್ಬಿಸಬೇಕು ಅನ್ನಿಸಿ ನಿಂತೇ ಬಿಟ್ಟಿದ್ದೆ, ಆ ಹುಡುಗಿ ನನ್ನ ಕೈ ಹಿಡಿದು ಕೂರಿಸಿದಳು. ವರದಿಯಲ್ಲಿ ಉಸಿರಿನ ಅಡಚಣೆ ಗಂಟೆಗೆ 41 ಸಲ ಅಂತ ಬಂತು. ಐದರೊಳಗಿದ್ದರೆ ಸರಿ, ಮೂವತ್ತು ದಾಟಿದರೆ ತೀವ್ರ. ಕನಸು ಬೀಳೋ ನಿದ್ದೆಯಲ್ಲಿ, ಬೆಳಗಿನ ಜಾವ, ಆಮ್ಲಜನಕ 72ಕ್ಕೆ ಇಳಿದಿತ್ತು. ಹೆಂಗಸರಲ್ಲಿ ಆ ಹೊತ್ತಿನಲ್ಲೇ ತೊಂದರೆ ಜಾಸ್ತಿ ಇರೋದು ಸಾಮಾನ್ಯವಂತೆ. ಮನೆಯಲ್ಲೇ ಮಾಡೋ ಸಣ್ಣ ಪರೀಕ್ಷೆಯೂ ಇದೆ, ಖರ್ಚು ಕಮ್ಮಿ, ಬಹಳ ಜನಕ್ಕೆ ಅದೇ ಸಾಕು. ಆದರೆ ತಲೆಗೆ ವೈರು ಇಲ್ಲದ್ದರಿಂದ ನಿದ್ದೆ ಯಾವುದು, ಸುಮ್ಮನೆ ಮಲಗಿದ್ದು ಯಾವುದು ಅಂತ ಸಾಮಾನ್ಯವಾಗಿ ಅದಕ್ಕೆ ತಿಳಿಯಲ್ಲ, ಲೆಕ್ಕ ಕಮ್ಮಿ ಬರಬಹುದು. ಅದರಲ್ಲಿ ಏನೂ ಇಲ್ಲ ಅಂತ ಬಂದು, ಸುಸ್ತು ಹಾಗೇ ಇದ್ದರೆ ಆಸ್ಪತ್ರೆಯ ಪರೀಕ್ಷೆ ಕೇಳಿ ಮಾಡಿಸಿ.

ಚಿಕಿತ್ಸೆ ಅಂದರೆ ಸಿಪ್ಯಾಪ್ ಯಂತ್ರ. ಇದು ಆಕ್ಸಿಜನ್ ಅಲ್ಲ. ಕೋವಿಡ್ ಆದಮೇಲೆ ಮಾಸ್ಕು ಪೈಪು ನೋಡಿದರೆ ಜನ ಹೆದರ್ತಾರೆ, ಅದಕ್ಕೇ ಬಿಡಿಸಿ ಹೇಳ್ತಿದ್ದೀನಿ. ಕೋಣೆಯ ಗಾಳಿಯನ್ನೇ ಹದವಾದ ಒತ್ತಡದಲ್ಲಿ ಮೂಗಿಗೆ ಕಳಿಸುತ್ತೆ, ಆ ಗಾಳಿ ಗಂಟಲನ್ನ ಮುಚ್ಚಿಕೊಳ್ಳೋಕೆ ಬಿಡಲ್ಲ. ಸಿಡ್ನಿಯ ವೈದ್ಯ ಕಾಲಿನ್ ಸುಲಿವನ್ ಇದನ್ನ 1981ರಲ್ಲಿ ಪ್ರಕಟಿಸಿದರು. ಆರಂಭದ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರ್ ಮೋಟರ್ ಹಾಕಿದ್ದರಂತೆ. ಅದಕ್ಕೆ ಮೊದಲು ತೀವ್ರವಾಗಿದ್ದವರಿಗೆ ಗಂಟಲಿಗೆ ತೂತು ಕೊರೆಯೋದೇ ದಾರಿಯಾಗಿತ್ತು. ಎಲ್ಲರಿಗೂ ಯಂತ್ರವೇ ಬೇಕು ಅಂತಿಲ್ಲ. ತೊಂದರೆ ಕಮ್ಮಿ ಇದ್ದವರಿಗೆ ತೂಕ ಇಳಿಸೋದು, ಮಗ್ಗುಲಾಗಿ ಮಲಗೋದು, ಕೆಳದವಡೆ ಮುಂದಕ್ಕೆ ಹಿಡಿಯೋ ಹಲ್ಲಿನ ಸಾಧನ ಇವೆ. ಅಮ್ಮ ಅಂಥಾ ದಪ್ಪವೇನಿಲ್ಲ. ಅವಳದ್ದು ಸಣ್ಣ ದವಡೆ, ಗಂಟಲ ದಾರಿ ಇಕ್ಕಟ್ಟು.

ಮೊದಲ ಹತ್ತು ರಾತ್ರಿ ಕಷ್ಟವಾಗಿದ್ದು ಮೂಗುತಿಯಿಂದ. ಅಂಗಡಿಯವರು ಕೊಟ್ಟ ಸಣ್ಣ ಮಾಸ್ಕಿನ ಅಂಚು ಸರಿಯಾಗಿ ಮೂಗುತಿ ಮೇಲೇ ಕೂರ್ತಿತ್ತು. ಒತ್ತಿ ಒತ್ತಿ ಗಾಯವಾಯ್ತು, ಸಂದಿಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೀತಿತ್ತು. "ಮೂಗುತಿ ತೆಗೀರಿ" ಅಂದುಬಿಟ್ಟರು ಅಂಗಡಿಯವರು. ಅಪ್ಪ ಹೋದಾಗಲೂ ಯಾರ ಮಾತಿಗೂ ತೆಗೆಯದ ಮೂಗುತಿ ಅದು. ಅಮ್ಮ ಮಾಸ್ಕನ್ನೇ ಡಬ್ಬಿಗೆ ಹಾಕಿ ಮುಚ್ಚಿಟ್ಟಳು. ನಾನು ಮತ್ತೆ ಹೋಗಿ ಕೂತು, ಬೇರೆ ಬೇರೆ ಅಳತೆ ಹಾಕಿಸಿ ನೋಡಿ, ಮೂಗುತಿ ಪೂರ್ತಿ ಒಳಗೇ ಉಳಿಯೋ ದೊಡ್ಡ ಅಳತೆಯದ್ದು ತಂದೆ. ಅವತ್ತು ರಾತ್ರಿ ಏಳು ಗಂಟೆ ಹೊತ್ತು ನಿದ್ದೆ. ಮಾಸ್ಕ್ ಸರಿ ಹೊಂದಲಿಲ್ಲ ಅಂತ ಎಷ್ಟೋ ಯಂತ್ರಗಳು ಬೀರುವಿನ ಮೇಲೆ ಧೂಳು ಹಿಡಿದು ಕೂತಿರೋದು ಇಂಥ ಸಣ್ಣ ಕಾರಣಕ್ಕೆ. ಬಿಡಬೇಡಿ, ಬದಲಾಯಿಸಿ ಅಂತ ಜಗಳ ಮಾಡಿ. ಮಳೆಗಾಲಕ್ಕೆ ಯಂತ್ರವನ್ನ ಇನ್ವರ್ಟರ್‌ಗೆ ಕೊಟ್ಟಿದ್ದೀವಿ. ಕರೆಂಟ್ ಹೋದಾಗ, ಗಾಳಿಗೆ ತೇವ ಕೊಡೋಕೆ ಯಂತ್ರದಲ್ಲಿ ನೀರು ಬಿಸಿ ಮಾಡೋ ಭಾಗ ಆರಿಸಿದರೆ ಬ್ಯಾಟರಿ ರಾತ್ರಿಯೆಲ್ಲ ಬರುತ್ತೆ.

ಈಗ ಬಚ್ಚಲಿಗೆ ಏಳೋದು ಒಂದು ಸಲ, ಕೆಲವು ರಾತ್ರಿ ಅದೂ ಇಲ್ಲ. ತಲೆನೋವು ಹೋಗಿದೆ. ಬಿಪಿಯ ಮೂರು ಮಾತ್ರೆ ಎರಡಾಗಿದೆ. ಎಲ್ಲರಿಗೂ ಅಷ್ಟು ಇಳಿಯಲ್ಲ ಅಂತ ಡಾಕ್ಟರೇ ಹೇಳಿದ್ದಾರೆ, ನೀವಾಗೇ ಮಾತ್ರೆ ನಿಲ್ಲಿಸಬೇಡಿ.

ದುಡ್ಡಿನ ಮಾತು ಹೇಳಲೇಬೇಕು. ಪರೀಕ್ಷೆಗೆ 14,000, ಯಂತ್ರ ಮಾಸ್ಕ್ ಸೇರಿ 58,000 ಆಯ್ತು. ನಮ್ಮ ವಿಮೆಯವರು ಮನೆಯಲ್ಲಿ ಬಳಸೋ ಉಪಕರಣ ಅಂತ ಒಂದು ರೂಪಾಯಿ ಕೊಡಲಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಅವರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ ಸಿಪ್ಯಾಪ್‌ಗೆ ಹಣ ವಾಪಸ್ ಬರುತ್ತೆ. ಅವರಿಗೆ ಬೇಕಾದ ಉಸಿರು ಉಳಿದವರಿಗೆ ಬೇಡವಾ? ನಾನು ದುಡೀತೀನಿ, ಹೊಂದಿಸಿದೆ. ಅಮ್ಮನ ವಯಸ್ಸಿನ, ಅವಳಷ್ಟೇ ಸುಸ್ತಾಗಿರೋ ಎಷ್ಟು ಹೆಂಗಸರು ನಮ್ಮ ತೋಟಗಳಲ್ಲಿ ಅಡಿಕೆ ಸುಲೀತಾ ಕೂತಲ್ಲೇ ತೂಕಡಿಸ್ತಿದ್ದಾರೋ. ಅವರ ಕೈಯಲ್ಲಿ ಇಷ್ಟು ದುಡ್ಡು ಎಲ್ಲಿಂದ ಬರಬೇಕು?

ಮೊನ್ನೆ ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಅಮ್ಮ ಯಂತ್ರ ತಂದಿದ್ದಳು. ಛತ್ರದ ಕೋಣೆಯಲ್ಲಿ ಪ್ಲಗ್ ಇದ್ದ ಗೋಡೆ ಪಕ್ಕ ಹಾಸಿಗೆ ಹಾಕಿಕೊಂಡು, ಮಕ್ಕಳೆಲ್ಲ ಸುತ್ತ ಕೂತು ನೋಡ್ತಿದ್ದ ಹಾಗೇ ಮಾಸ್ಕ್ ಕಟ್ಟಿಕೊಂಡು ಮಲಗಿದಳು. ಹೂವು ಕಟ್ಟೋ ಕೆಲಸ ನನ್ನ ಪಾಲಿಗೆ ಬಂತು.

ದೊಡ್ಡಮ್ಮನೂ ಅಲ್ಲೇ ಇದ್ದರು. ಅವರಿಗೆ ಎಪ್ಪತ್ತು, ಅವರೂ ಆ ರಾತ್ರಿ ಮಲಗದೆ ನನ್ನ ಜೊತೆ ಹೂವಿಗೆ ಕೂತರು. ನಾನೇನೂ ಕೇಳಲಿಲ್ಲ. ಊರಿಗೆ ಹೋದಮೇಲೆ ಅವರ ಸೊಸೆಗೆ ಫೋನ್ ಮಾಡಿ ಹೇಳಿದೆ. ಹೋದ ಭಾನುವಾರ ಅವಳು ವಾಟ್ಸಾಪಿನಲ್ಲಿ ನಾಲ್ಕು ನಿಮಿಷದ ಆಡಿಯೋ ಕಳಿಸಿದ್ದಾಳೆ. ಎರಡನೇ ನಿಮಿಷಕ್ಕೆ ಸದ್ದು ನಿಲ್ಲುತ್ತೆ. ಎಣಿಸಿದೆ, ಇಪ್ಪತ್ತಾರು. ಗುರುವಾರ ಅವರನ್ನ ಕರ್ಕೊಂಡು ಹೋಗ್ತಿದ್ದೀವಿ. ಬುಧವಾರ ತಲೆಸ್ನಾನ ಮಾಡಿ, ಎಣ್ಣೆ ಹಾಕಬೇಡಿ ಅಂತ ಅಮ್ಮನೇ ಫೋನಲ್ಲಿ ಹೇಳ್ತಿದ್ದಳು.