ಸತ್ಯಾಂಶ: ಮಾರಿಯೊ ಇಟ್ಟಿಗೆ ಒಡೆಯುವುದು ತಲೆಯಿಂದಲ್ಲ

ಮಳೆಗೆ ಶಾಲೆಗಳಿಗೆ ರಜೆ ಕೊಟ್ಟರೆ ಸಾಕು, ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈ ಫಾರ್ವರ್ಡ್ ಓಡಾಡುತ್ತದೆ: 'ಮಾರಿಯೊ ಇಟಲಿಯ ನಿಜವಾದ ಪ್ಲಂಬರ್. ತಲೆಯಿಂದಲೇ ಇಟ್ಟಿಗೆ ಒಡೆಯುತ್ತಿದ್ದ!' ಎರಡೂ ಸುಳ್ಳು.

ಮಾರಿಯೊ ಒಂದು ವಿಡಿಯೊ ಗೇಮ್ ಪಾತ್ರ. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಶಿಗೆರು ಮಿಯಾಮೊಟೊ 1981ರ 'ಡಾಂಕಿ ಕಾಂಗ್' ಆಟಕ್ಕಾಗಿ ಹುಟ್ಟಿಸಿದ ಪಾತ್ರ ಇದು. ಆಗ ಅವನು ಬಡಗಿ, ಹೆಸರು ಜಂಪ್‌ಮ್ಯಾನ್. ಆಗಿನ ಆಟದ ಪರದೆಯ ಪುಟ್ಟ ಚಿತ್ರದಲ್ಲಿ ಬಾಯಿ, ಕೂದಲು ಬಿಡಿಸುವುದು ಕಷ್ಟ. ಅದಕ್ಕೇ ದಪ್ಪ ಮೀಸೆ, ಟೋಪಿ. ಜಾಣತನ ಅಲ್ವಾ? ಹೆಸರು ಮಾತ್ರ ನಿಜ ಮನುಷ್ಯನದು: ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆಗೆ ಕೊಟ್ಟಿದ್ದ ಮಾರಿಯೊ ಸೆಗಾಲಿ. ಅವರು ಪ್ಲಂಬರ್ ಅಲ್ಲ, ಉದ್ಯಮಿ. ಪಾತ್ರ ಪ್ಲಂಬರ್ ಆಗಿದ್ದು 1983ರ 'ಮಾರಿಯೊ ಬ್ರದರ್ಸ್'ನಲ್ಲಿ.

ಇನ್ನು ತಲೆಯ ವಿಷಯ. 1985ರ 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಅವನು ಮೇಲಿನ ಇಟ್ಟಿಗೆಗಳತ್ತ ಹಾರುವಾಗ ಸರಿಯಾಗಿ ನೋಡಿ. ಒಂದು ಕೈ ಮುಷ್ಟಿ ಕಟ್ಟಿ ಮೇಲೆದ್ದಿರುತ್ತದೆ. ಇಟ್ಟಿಗೆಗೆ ಬೀಳುವುದು ಆ ಗುದ್ದು.