ರಾತ್ರಿ ಹೊತ್ತು ನಿಮ್ಮ ಬೈಕಿನ ಹಿಂದೆ ನಿಂತು ಅದರ ಲೈಟ್ ನೋಡಿದ್ದೀರಾ?

ಹೋದ ಆಗಸ್ಟ್‌ನಲ್ಲಿ ಒಂದು ಸಂಜೆ. ಹೆಬ್ಬಾಳ ಫ್ಲೈಓವರ್ ಇಳಿದು ಎಡಕ್ಕೆ ಹೋಗಬೇಕಿತ್ತು. ಜೋರು ಮಳೆ. ಇಂಡಿಕೇಟರ್ ಹಾಕಿದ್ದೆ, ಬ್ರೇಕೂ ಹಿಡಿದಿದ್ದೆ. ಹಿಂದಿನ ಕಾರು ಕಿರ್ರನೆ ಬಂದು ನನ್ನ ಮಡ್‌ಗಾರ್ಡ್‌ಗೆ ಒಂದು ಗೇಣು ಉಳಿದಿದೆ ಅನ್ನುವಾಗ ನಿಂತಿತು. ಕಾರಿನವರು ಗ್ಲಾಸ್ ಇಳಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ಅವರ ಕೈಯೇ ನಡುಗುತ್ತಿತ್ತು. "ಗುರು, ನಿನ್ನ ಲೈಟೇ ಕಾಣಿಸ್ಲಿಲ್ಲ ಕಣಪ್ಪಾ" ಅಂದರು.

ಅವರು ಹೇಳಿದ್ದು ನಿಜ. ಗಾಡಿ ಚೆಂದ ಕಾಣಲಿ ಅಂತ ಕಂಪನಿ ಇಂಡಿಕೇಟರ್ ಕಿತ್ತು, ಕಪ್ಪು ಗಾಜಿನ ಚಿಕ್ಕವು ಹಾಕಿಸಿದ್ದೆ. ಹಿಂದಿನ ಬಲ್ಬ್ ತೆಗೆದು ಅಗ್ಗದ ಬಿಳಿ ಎಲ್‌ಇಡಿ ಹಾಕಿಸಿದ್ದೆ.

ಆ ಭಾನುವಾರ ಕತ್ತಲಾದ ಮೇಲೆ ತಮ್ಮನನ್ನು ಗಾಡಿ ಮೇಲೆ ಕೂರಿಸಿ, ನಮ್ಮ ಬೀದಿಯಲ್ಲೇ ಐವತ್ತು ಹೆಜ್ಜೆ ಹಿಂದೆ ಹೋಗಿ ನಿಂತೆ. "ಬ್ರೇಕ್ ಹಿಡಿ" ಅಂದೆ. "ಆಗ್ಲೇ ಹಿಡ್ದಿದ್ದೀನಿ ಅಣ್ಣಾ" ಅಂದ. ನನಗೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ. ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಎರಡು ವರ್ಷ ಹೀಗೇ ಓಡಿಸಿದ್ದೇನೆ. ಎಷ್ಟೋ ಸಲ ಅಮ್ಮ ಹಿಂದೆ ಕೂತಿದ್ದರು.

ಕಾರಣ ತೀರಾ ಸರಳ. ಹಳೇ ಬಲ್ಬ್ ಮೇಲೆ 5/21 ವಾಟ್ ಅಂತ ಬರೆದಿರುತ್ತದೆ. ಒಳಗೆ ಎರಡು ತಂತಿ. ಐದು ವಾಟ್ ಸದಾ ಉರಿಯುತ್ತದೆ, ಬ್ರೇಕ್ ಒತ್ತಿದಾಗ ಇಪ್ಪತ್ತೊಂದರದ್ದು ಹತ್ತಿಕೊಳ್ಳುತ್ತದೆ. ಆ ನಾಲ್ಕು ಪಟ್ಟಿನ ಏರಿಕೆ ನೋಡಿಯೇ ಹಿಂದಿನವರ ಕಾಲು ಬ್ರೇಕಿಗೆ ಹೋಗುವುದು. ಅಗ್ಗದ ಎಲ್‌ಇಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಬೆಳಕು. ಇನ್ನೊಂದು ತಪ್ಪು ಬಣ್ಣದ್ದು. ಕೆಂಪು ಗಾಜು ಕೆಂಪು ಬೆಳಕನ್ನು ಮಾತ್ರ ಹೊರಗೆ ಬಿಡುತ್ತದೆ. ಬಿಳಿ ಎಲ್‌ಇಡಿಯಲ್ಲಿ ಕೆಂಪು ಕಮ್ಮಿ. ಹಾಗಾಗಿ ಮುಕ್ಕಾಲು ಬೆಳಕು ಗಾಜಿನ ಒಳಗೇ ಸತ್ತು ಹೋಗುತ್ತದೆ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿ, ಇಂಡಿಕೇಟರಿಗೆ ಹಳದಿ ಎಲ್‌ಇಡಿ. ಇಷ್ಟು ಗೊತ್ತಿದ್ದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಎಲ್‌ಇಡಿಯೇ ಬೇಡ ಅನ್ನುತ್ತಿಲ್ಲ. ಒಳ್ಳೆಯದಾದರೆ ಅದೇ ಮೇಲು. ಹಳೇ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗುವುದಕ್ಕೆ ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ತಕ್ಷಣ ಹತ್ತುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಅಷ್ಟರಲ್ಲಿ ಮೂರು ಮೀಟರಿಗೂ ಜಾಸ್ತಿ ಮುಂದೆ ಬಂದಿರುತ್ತದೆ. ಅವತ್ತು ನನಗೂ ಆ ಕಾರಿಗೂ ಮಧ್ಯೆ ಇದ್ದದ್ದು ಒಂದು ಗೇಣು.

ಖರ್ಚಿಲ್ಲದ ಕೆಲಸ ಮೊದಲು ಮಾಡಿದೆ. ಎರಡು ಸ್ಕ್ರೂ ಬಿಚ್ಚಿ ಗಾಜು ತೆಗೆದರೆ ಒಳಗೆ ಮಣ್ಣು, ನೀರಿನ ಕಲೆ, ಸತ್ತ ಸೊಳ್ಳೆಗಳು. ಸೋಪಿನ ನೀರಲ್ಲಿ ತೊಳೆದು ಒಣಗಿಸಿದೆ. ಅಷ್ಟಕ್ಕೇ ಬೆಳಕು ಎದ್ದು ಕಂಡಿತು. ಆಮೇಲೆ ಜೆ.ಸಿ. ರಸ್ತೆಯಲ್ಲಿ ಕೆಂಪು ಎಲ್‌ಇಡಿ ತಂದೆ, ಸುತ್ತಲೂ ಬೆಳಕು ಬೀರುವಂಥದ್ದು. ನೇರಕ್ಕೆ ಮಾತ್ರ ಬೆಳಗುವುದನ್ನು ಹಾಕಿದರೆ, ಬಲ್ಬಿನ ಸುತ್ತ ಬೆಳಕು ಹರಡಲೆಂದೇ ಇರುವ ಹೊಳಪಿನ ಬಟ್ಟಲಿಗೆ ಬೆಳಕೇ ಬೀಳುವುದಿಲ್ಲ.

ಇಂಡಿಕೇಟರ್ ಸ್ವಲ್ಪ ಆಟ ಆಡಿಸಿತು. ಎಲ್‌ಇಡಿ ಹಾಕಿದ ಕೂಡಲೇ ಪಟಪಟ ಅಂತ ಹೊಡೆದುಕೊಳ್ಳತೊಡಗಿತು. ಇಂಡಿಕೇಟರ್ ಮಿನುಗಿಸುವ ಪುಟ್ಟ ಡಬ್ಬಿಯೇ ಫ್ಲಾಷರ್ ರಿಲೇ. ಹಳೇ ರಿಲೇಗೆ 10 ವಾಟ್ ಬಲ್ಬ್‌ಗಳು ಎಳೆಯುವಷ್ಟು ಕರೆಂಟ್ ಬೇಕು. ಅಷ್ಟು ಎಳೆಯದಿದ್ದರೆ ಬಲ್ಬ್ ಸುಟ್ಟಿದೆ ಅಂತಲೇ ಅದರ ಲೆಕ್ಕ, ಅದಕ್ಕೇ ಅಷ್ಟು ಜೋರಾಗಿ ಮಿನುಗಿಸುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತ ನಿಯಮವೇ ಇದೆ. ಕೆಲವರು ಹಳೇ ಬಲ್ಬಿನಷ್ಟೇ ಕರೆಂಟ್ ಎಳೆಯಲಿ ಅಂತ ರೆಸಿಸ್ಟರ್ ಹಾಕಿ ಸರಿ ಮಾಡುತ್ತಾರೆ, ಅದು ಮುಟ್ಟಲಾಗದಷ್ಟು ಕಾಯುತ್ತದೆ. ಎಲ್‌ಇಡಿಗೆ ಒಗ್ಗುವ ರಿಲೇ ಹಾಕಿಸಿ, ಅದೇ ವಾಸಿ.

ರಿಲೇ ಬದಲಿಸಿದ ಮೇಲೆ ಇನ್ನೊಂದು ತಮಾಷೆ. ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ! ಮೀಟರಿನಲ್ಲಿ ಎರಡೂ ಕಡೆಗೆ ಸೇರಿ ಒಂದೇ ಪುಟ್ಟ ಬಲ್ಬ್ ಇರುವ ಗಾಡಿಗಳಲ್ಲಿ ಹೀಗಾಗುತ್ತದೆ. ಆ ಬಲ್ಬಿನ ಮೂಲಕ ಆಚೆ ಕಡೆಗೂ ಚೂರು ಕರೆಂಟ್ ಹರಿಯುತ್ತದೆ, ಎಲ್‌ಇಡಿಗೆ ಅಷ್ಟೇ ಸಾಕು. ಎಸ್.ಪಿ. ರಸ್ತೆಯಿಂದ ಎರಡು ಡಯೋಡ್ ತಂದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ. ನಮ್ಮ ಮೆಕ್ಯಾನಿಕ್ ಅಣ್ಣ ಆ ಬಲ್ಬಿಗೆ ಎರಡೂ ಕಡೆಯಿಂದ ಡಯೋಡ್ ಮೂಲಕ ಕರೆಂಟ್ ಕೊಟ್ಟು, ಇನ್ನೊಂದು ತುದಿಯನ್ನು ಅರ್ತ್‌ಗೆ ಜೋಡಿಸಿದರು. ಮುಗಿಯಿತು.

ಕಪ್ಪು ಗಾಜಿನ ಇಂಡಿಕೇಟರ್‌ಗಳ ಜಾಗಕ್ಕೆ ಮಾತ್ರ ಕಂಪನಿಯವೇ ವಾಪಸ್ ಬಂದವು. ಅವು ಬ್ರೇಕ್ ಲೈಟಿನಿಂದ ದೂರ ಚಾಚಿಕೊಂಡಿರುವುದು ಸುಮ್ನೆ ಅಲ್ಲ. ಹತ್ತಿರ ಇದ್ದರೆ ಕೆಂಪಿನ ಜೋರಿನಲ್ಲಿ ಹಳದಿ ಕಳೆದುಹೋಗುತ್ತದೆ. ಮಡ್‌ಗಾರ್ಡ್ ಕತ್ತರಿಸಿ ರಿಫ್ಲೆಕ್ಟರ್, ನಂಬರ್ ಪ್ಲೇಟ್ ಲೈಟ್ ತೆಗೆಸುವ ಹುಡುಗರಿಗೆ ಕೈಮುಗಿದು ಕೇಳುತ್ತೇನೆ, ಬೇಡ ಕಣ್ರಪ್ಪಾ. ಬಲ್ಬ್ ಹೋದರೂ ಬ್ಯಾಟರಿ ಸತ್ತರೂ ರಿಫ್ಲೆಕ್ಟರ್ ಹಿಂದಿನ ಗಾಡಿಯ ಬೆಳಕಿಗೇ ಹೊಳೆದು ಕೆಲಸ ಮಾಡುತ್ತದೆ. ಹಿಂದೆ ನೀಲಿ, ಬಿಳಿ ಲೈಟೂ ಬೇಡ. ಬೆಳಗಿನ ಜಾವ ನಂದಿ ಬೆಟ್ಟದ ದಾರಿಯ ಮಂಜಿನಲ್ಲಿ ಬಿಳಿ ಕಂಡರೆ ಗಾಡಿ ಎದುರಿಂದ ಬರುತ್ತಿದೆ ಅಂತಲೇ ಅನ್ನಿಸುತ್ತದೆ. ನಿಯಮ ಮೀರಿದ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಹಾಕಲು 2019ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಆದರೆ ನಾನು ಹೇಳುತ್ತಿರುವುದು ದಂಡದ ಭಯಕ್ಕಲ್ಲ.

ಮೊನ್ನೆ ರಾಜಾಜಿನಗರದ ಸಿಗ್ನಲ್‌ನಲ್ಲಿ ಮುಂದೆ ಒಬ್ಬ ಡೆಲಿವರಿ ಹುಡುಗ. ಪೆಡಲ್ ಒತ್ತಿದರೂ ಬ್ರೇಕ್ ಲೈಟ್ ಹತ್ತುತ್ತಿರಲಿಲ್ಲ, ಮೇಲಿಂದ ರೇನ್‌ಕೋಟ್ ಬೇರೆ ಇಳಿಬಿದ್ದಿತ್ತು. ಪಕ್ಕಕ್ಕೆ ನಿಲ್ಲಿಸಲು ಹೇಳಿದೆ. ಬಗ್ಗಿ ನೋಡಿದರೆ ಪೆಡಲ್‌ನಿಂದ ಸ್ವಿಚ್‌ಗೆ ಹೋಗುವ ಸ್ಪ್ರಿಂಗ್ ಕಳಚಿತ್ತು. ಸಿಕ್ಕಿಸಿ, ರೇನ್‌ಕೋಟ್ ಮಡಿಸಿ ಸೀಟಿನ ಕೆಳಗೆ ತೂರಿಸಿದೆ. ಅವನು ಪೆಡಲ್ ಒತ್ತಿ, "ಹತ್ತಿತಾ ಸಾರ್?" ಅಂದ. ಒದ್ದೆ ರಸ್ತೆ ಮೇಲೆಲ್ಲ ಕೆಂಪು ಹರಡಿತು.